ಖಾಲಿ ಸಮಾಧಿಗೆ ಒಬ್ಬರು ಬೇಕಾಗಿದ್ದಾರೆ

ಮುಚ್ಚುಗಲ್ಲನ್ನು ಎತ್ತಿದಾಗ ಒಳಗೆ ಯಾರೂ ಇರಲಿಲ್ಲ.

ಯಾರೂ ಎಂದರೆ ಯಾರೂ ಇಲ್ಲ. ಒಂದು ಹಲ್ಲಿಲ್ಲ, ಒಂದು ಮಣಿಯಿಲ್ಲ, ಒಡೆದ ಮಡಕೆಯ ಚೂರು ಕೂಡ ಇಲ್ಲ. ನಾಲ್ಕು ಕಡೆ ನಿಲ್ಲಿಸಿದ ಕಲ್ಲು ಚಪ್ಪಡಿಗಳು, ನಡುವೆ ಗಟ್ಟಿ ನೆಲ, ಬಾಡಿಗೆಗೆ ಕೊಡಲು ಗುಡಿಸಿಟ್ಟ ಕೋಣೆಯ ಹಾಗೆ. ಕಲ್ಲೆತ್ತಲು ಬಂದಿದ್ದ ಕೆಲಸದವರು ಬಗ್ಗಿ ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಹಾರೆ ಹೊತ್ತು ಊಟಕ್ಕೆ ಹೋದರು. ಮಣ್ಣಕ್ಕ ಮಾತ್ರ ತಲೆ ಮೇಲೆ ಕೈ ಹೊತ್ತು ಅಂಚಿನಲ್ಲೇ ಕುಳಿತಳು.

ಮಣ್ಣಕ್ಕ ಎಂಬುದು ಆ ಕೆಲಸದವರೇ ಅವಳಿಗಿಟ್ಟ ಹೆಸರು. ಪ್ರಾಚ್ಯವಸ್ತು ಇಲಾಖೆಯಲ್ಲಿ ಅವಳಿಗೆ ಉದ್ದನೆಯ ಹೆಸರಿನ ಒಂದು ಹುದ್ದೆಯಿತ್ತು. ಆದರೆ ಸದಾ ಮೊಣಕಾಲೂರಿ, ಕೈಯಲ್ಲಿ ಕರಣೆ ಹಿಡಿದು, ಉಗುರಿನ ಸಂದಿಯಲ್ಲಿ ನಾಲ್ಕು ಬಣ್ಣದ ಮಣ್ಣಿಟ್ಟುಕೊಂಡು ಓಡಾಡುವವಳನ್ನು ಬೇರೆ ಏನೆಂದು ಕರೆಯುವುದು? ಬರವಣಿಗೆ ಹುಟ್ಟುವುದಕ್ಕೂ ಮುಂಚಿನ ಜನ ಕಟ್ಟಿದ ಈ ದಿಬ್ಬದ ಮೇಲೆ ಅವಳು ತನ್ನ ಅರ್ಧ ಆಯಸ್ಸನ್ನು ಸುರಿದಿದ್ದಳು. ಹಣ್ಣು ಕೊಯ್ದಂತೆ ಅದನ್ನು ನಾಲ್ಕು ಹೋಳು ಮಾಡಿ, ಹೋಳುಗಳ ನಡುವೆ ಮಣ್ಣಿನ ಗೋಡೆ ಬಿಟ್ಟು, ಪದರ ಪದರವಾಗಿ ಕೆರೆದು, ಕೆರೆದ ಮಣ್ಣನ್ನೆಲ್ಲ ಜರಡಿ ಹಿಡಿದು, ಪಕ್ಕದಲ್ಲಿ ಇನ್ನೊಂದು ದಿಬ್ಬವನ್ನೇ ಎಬ್ಬಿಸಿದ್ದಳು. ಒಳಗೆ ಒಬ್ಬ ಮಹಾ ನಾಯಕ ಮಲಗಿದ್ದಾನೆಂದು ಸಮ್ಮೇಳನಗಳಲ್ಲಿ ಭಾಷಣ ಬಿಗಿದಿದ್ದಳು. ಈಗ ನೋಡಿದರೆ ನಾಯಕನ ಉಗುರೂ ಇಲ್ಲ.

ಮೂಳೆ ಪರೀಕ್ಷೆಯ ತಜ್ಞರನ್ನು ಎಲ್ಲರೂ ಮೂಳೆ ಮೇಷ್ಟ್ರು ಎನ್ನುತ್ತಿದ್ದರು. ಒಂದು ಮೂಳೆ ಕೊಟ್ಟರೆ ಸಾಕು, ಹೆಣ್ಣೋ ಗಂಡೋ, ಎಷ್ಟು ವಯಸ್ಸು, ಏನು ತಿನ್ನುತ್ತಿದ್ದರು ಎಂದು ಹೇಳುವುದರಲ್ಲಿ ಅವರದು ಎತ್ತಿದ ಕೈ. ಅವರು ಏಣಿ ಇಳಿದು, ಭೂತಗನ್ನಡಿ ಹಿಡಿದು, ನೆಲವನ್ನು ಇಂಚಿಂಚಾಗಿ ನೋಡಿದರು.

"ಕರಗಿ ಹೋಗಿರಬಹುದಾ ಮೇಷ್ಟ್ರೇ?" ಎಂದು ಮಣ್ಣಕ್ಕ ಮೇಲಿನಿಂದ ಕೇಳಿದಳು.

"ಕರಗಿದ್ರೂ ಮಣ್ಣಲ್ಲಿ ಗುರುತು ಬಿಟ್ಟು ಹೋಗ್ತಾರೆ ಮೇಡಂ. ಇಲ್ಲಿ ಅದೂ ಇಲ್ಲ. ಕಟ್ಟಿದ್ದಾರೆ, ಮುಚ್ಚಿದ್ದಾರೆ. ಮಲಗಬೇಕಾದೋರು ಮಾತ್ರ ಬಂದೇ ಇಲ್ಲ."

"ಬರದೆ ಇನ್ನೆಲ್ಲಿಗೆ ಹೋದ್ರು?"

"ಇನ್ನೂ ಸ್ವಲ್ಪ ದಿನ ಇರೋಣ ಅನ್ನಿಸಿತ್ತೇನೋ."

ಸುದ್ದಿ ತಿಳಿದ ಇಲಾಖೆಯ ದೊಡ್ಡ ಸಾಹೇಬರು ಫೋನಿನಲ್ಲೇ ಕೆಮ್ಮಿದರು. ಅವರು ಕೆಮ್ಮಿದರೆಂದರೆ ಹಿಂದೆಯೇ ಒಂದು ನಿಯಮ ಬರುತ್ತದೆ ಎಂದು ಅರ್ಥ.

"ನೋಡಮ್ಮ, ನಿಯಮ ಸ್ಪಷ್ಟವಾಗಿದೆ. ಒಳಗೆ ವ್ಯಕ್ತಿ ಇದ್ರೆ ಅದು ಸಮಾಧಿ, ನಮ್ಮ ಇಲಾಖೆದು. ವ್ಯಕ್ತಿ ಇಲ್ಲದಿದ್ರೆ ಅದು ಬರೀ ಮಣ್ಣು. ಮಣ್ಣು ರಸ್ತೆ ಇಲಾಖೆದು. ಹೊಸ ರಸ್ತೆಗೆ ಅಂತ ಅವರು ಮೊದಲಿಂದಲೂ ಈ ಜಾಗದ ಮೇಲೆ ಕಣ್ಣಿಟ್ಟಿದ್ದಾರೆ. ನಾಳೆ ಅವರ ಇಂಜಿನಿಯರ್‌ನ ಕರ್ಕೊಂಡು ನಾನೇ ಬರ್ತೀನಿ. ಅಷ್ಟರಲ್ಲಿ ಯಾರನ್ನಾದ್ರೂ ಹುಡುಕು."

"ಯಾರನ್ನ ಸಾರ್?"

"ಸಿಕ್ಕಿದೋರನ್ನ," ಎಂದು ಸಾಹೇಬರು ಫೋನಿಟ್ಟರು.

ಮಣ್ಣಕ್ಕ ಮುಖ ಜೋಲು ಹಾಕಿಕೊಂಡು ಮನೆಗೆ ಬಂದಳು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆ. ಒಂದರಲ್ಲಿ ಅವಳು, ಒಂದರಲ್ಲಿ ಅವಳ ಅಮ್ಮ. ಅಮ್ಮ ಊಟ ಬಡಿಸಿ, ಎಲ್ಲವನ್ನೂ ಕೇಳಿಸಿಕೊಂಡು, "ಪಾಪ," ಎಂದಳು. ಖಾಲಿ ಸಮಾಧಿಗೋ ಮಗಳಿಗೋ ಗೊತ್ತಾಗಲಿಲ್ಲ. ಆಮೇಲೆ ಗಂಟಲು ಸರಿಮಾಡಿಕೊಂಡು ಹೇಳಿದಳು: "ನೋಡೇ, ನಾನು ಹೋದ ಮೇಲೆ..."

"ಅಯ್ಯೋ, ಒಲೆ ಮೇಲೆ ಹಾಲಿಟ್ಟಿದ್ದೆ!" ಎಂದು ಮಣ್ಣಕ್ಕ ಎದ್ದು ಓಡಿದಳು.

ಇದು ಇಂದು ನಿನ್ನೆಯದಲ್ಲ. ಅಮ್ಮನಿಗೆ ಏನೋ ಒಂದು ಮಾತು ಹೇಳುವುದಿತ್ತು. ಅದು 'ನಾನು ಹೋದ ಮೇಲೆ' ಎಂದು ಶುರುವಾಗುತ್ತಿತ್ತು, ಅಲ್ಲಿಗೇ ನಿಲ್ಲುತ್ತಿತ್ತು. ಅಷ್ಟರಲ್ಲಿ ಮಗಳಿಗೆ ನಲ್ಲಿ ಸೋರುವುದು ಕೇಳಿಸುತ್ತಿತ್ತು, ಯಾರೂ ಬಾರದ ಬಾಗಿಲಿಗೆ ಯಾರೋ ಬಂದಂತಾಗುತ್ತಿತ್ತು. ಸಾವಿರಾರು ವರ್ಷಗಳ ಹಿಂದೆ ಸತ್ತವರ ತಲೆಬುರುಡೆಯನ್ನು ತೊಡೆಯ ಮೇಲಿಟ್ಟುಕೊಂಡು ಬ್ರಷ್ಷಿನಿಂದ ಒರೆಸುವ ಹೆಂಗಸು, ಬದುಕಿರುವ ಅಮ್ಮನ ಈ ಮೂರು ಪದಕ್ಕೆ ಮೊಲದ ಹಾಗೆ ಓಡುತ್ತಿದ್ದಳು. ಅವಳಿಗೆ ಭಯ. ಅಮ್ಮನನ್ನು ಬಿಟ್ಟರೆ ಈ ಲೋಕದಲ್ಲಿ ಅವಳಿಗೆ ಯಾರೂ ಇರಲಿಲ್ಲ, ಅಷ್ಟೇ ವಿಷಯ. ಚಿನ್ನದ ಬಳೆ ಯಾರಿಗೆ, ಮನೆಯನ್ನು ಏನು ಮಾಡಬೇಕು, ಅಂಥದ್ದೇನೋ ಇದ್ದೀತು ಎಂದು ಅವಳ ಲೆಕ್ಕ. ಅದನ್ನು ಕೇಳಿಸಿಕೊಂಡುಬಿಟ್ಟರೆ ಅಮ್ಮ ನಿಜವಾಗಿಯೂ ಹೊರಟುಬಿಡುತ್ತಾಳೆ ಎಂದು ಎಲ್ಲೋ ಒಳಗೆ ನಂಬಿಕೆ.

ಮಾರನೆಯ ದಿನ ಮಣ್ಣಕ್ಕ ಊಟದ ಡಬ್ಬಿ ಮರೆತು ಹೋದಳು. ಅಮ್ಮ ಅದನ್ನು ಹಿಡಿದುಕೊಂಡು ದಿಬ್ಬಕ್ಕೇ ಬಂದಳು. ಮಗಳು ದೂರದಲ್ಲಿ ಫೋನು ಹಿಡಿದು ಯಾರ ಜೊತೆಗೋ ಗೋಗರೆಯುತ್ತಿದ್ದಳು. ಬಿಸಿಲು ಸುಡುತ್ತಿತ್ತು. ಅಮ್ಮ ಬಗ್ಗಿ ನೋಡಿದಳು. ಒಳಗೆ ತಂಪಾಗಿ ಕಂಡಿತು. ಏಣಿ ಹಿಡಿದು ನಿಧಾನವಾಗಿ ಇಳಿದು, ಸೆರಗನ್ನು ತಲೆದಿಂಬು ಮಾಡಿಕೊಂಡು, ಕಾಲು ಚಾಚಿ ಮಲಗಿದಳು. ಎಷ್ಟು ಹಾಯೆನಿಸಿತೆಂದರೆ ಕಣ್ಣು ಮುಚ್ಚಿಕೊಂಡೇ ಹೋಯಿತು.

ಸರಿಯಾಗಿ ಅದೇ ಹೊತ್ತಿಗೆ ದೊಡ್ಡ ಸಾಹೇಬರು ಬಂದರು, ಅಂಚಿನಲ್ಲಿ ನಿಂತು ಕೆಳಗೆ ನೋಡಿದರು, ಎರಡೂ ಕೈ ಮೇಲೆತ್ತಿದರು.

"ಸಿಕ್ಕಿದ್ರಲ್ಲ! ಒಬ್ಬರು ಸಿಕ್ಕಿದ್ರಲ್ಲ!"

ಮಣ್ಣಕ್ಕ ಓಡಿ ಬಂದಳು. "ಸಾರ್, ಅವರು ನಮ್ಮಮ್ಮ."

"ಸಿಗೋರೆಲ್ಲ ಯಾರಿಗೋ ಒಬ್ಬರಿಗೆ ಅಮ್ಮನೋ ಅಪ್ಪನೋ ಆಗಿರ್ತಾರಮ್ಮ."

"ಬದುಕಿದ್ದಾರೆ ಸಾರ್!"

ಸಾಹೇಬರು ಕೆಮ್ಮಿದರು. "ನಿಯಮದಲ್ಲಿ ವ್ಯಕ್ತಿ ಅಂತಿದೆ. ಸತ್ತ ವ್ಯಕ್ತಿ ಅಂತ ಎಲ್ಲೂ ಇಲ್ಲ. ಬೇಕಾದ್ರೆ ಇನ್ನೊಂದು ಸಲ ಓದು."

ಅಷ್ಟರಲ್ಲಿ ಹಿಂದೆ ಉಳಿದಿದ್ದ ರಸ್ತೆ ಇಲಾಖೆಯ ಇಂಜಿನಿಯರ್ ಬಂದುಬಿಟ್ಟರು. ಸೊಂಟಕ್ಕೆ ಅಳತೆಯ ಟೇಪು ಸಿಗಿಸಿಕೊಂಡಿದ್ದ, ಬಲು ಕಟ್ಟುನಿಟ್ಟಿನ ಮನುಷ್ಯ. ಈಗ ಸತ್ಯ ಹೇಳಬೇಕಾದವಳು ಮಣ್ಣಕ್ಕ. ಬಾಯಿ ತೆರೆದಳು ಕೂಡ. ಆದರೆ ದಿಬ್ಬದ ಮೇಲೆ ಒಮ್ಮೆ ಕಣ್ಣಾಡಿಸಿ, ಬಾಯಿ ಮುಚ್ಚಿದಳು. ಒಂದು ದಿನದ ಮಟ್ಟಿಗೆ ತಾನೇ, ಎಂದುಕೊಂಡಳು.

"ಇವರು ಆ ಕಾಲದವರಾ?" ಎಂದು ಇಂಜಿನಿಯರ್ ಕೇಳಿದರು.

"ಯಾವ ಕಾಲ ಕಣಪ್ಪ?" ಎಂದಳು ಅಮ್ಮ ಕಣ್ಣು ತೆರೆದು.

ಇಂಜಿನಿಯರ್ ಹಿಂದಕ್ಕೆ ಹಾರಿದರು. "ಮಾತಾಡ್ತಾರೆ!"

"ಸುಸ್ಥಿತಿಯಲ್ಲಿ ಸಿಕ್ಕಿದ್ದಾರೆ," ಎಂದರು ದೊಡ್ಡ ಸಾಹೇಬರು. "ಇಷ್ಟು ಚೆನ್ನಾಗಿ ಉಳಿದಿರೋದು ಬಹಳ ಅಪರೂಪ."

ಇಂಜಿನಿಯರ್ ಸುಲಭಕ್ಕೆ ಸೋಲುವವರಲ್ಲ. ಮೊಣಕಾಲೂರಿ ಕುಳಿತು ವಿಚಾರಣೆ ಶುರು ಮಾಡಿದರು. "ನಿಮ್ಮ ಕಾಲದಲ್ಲಿ ಬರವಣಿಗೆ ಇತ್ತಾ ಅಮ್ಮ?"

"ಇತ್ತಪ್ಪ. ಆದ್ರೆ ನನಗೆ ಯಾರೂ ಏನೂ ಬರೀತಿರಲಿಲ್ಲ."

"ಲೋಹದ ಪಾತ್ರೆ?"

"ಅತ್ತೆ ಹತ್ತಿರ ಇತ್ತು. ನಮಗೆ ಮುಟ್ಟೋಕೆ ಬಿಡ್ತಿರಲಿಲ್ಲ."

"ರಸ್ತೆ?"

"ನಮ್ಮನೆವರೆಗೆ ಎಲ್ಲಿ ಬಂತು ರಸ್ತೆ?"

ಇಂಜಿನಿಯರ್ ಎದ್ದು ಮೊಣಕಾಲಿನ ಮಣ್ಣು ಕೊಡವಿಕೊಂಡರು. "ರಸ್ತೆ ಇಲ್ಲದ ಕಾಲ ಅಂದ್ರೆ ಇತಿಹಾಸಕ್ಕಿಂತ ಹಿಂದಿನದೇ. ಅನುಮಾನವೇ ಇಲ್ಲ," ಎಂದರು. "ಆದ್ರೆ ಇವರು ಎದ್ದು ಹೋದ ದಿನ ಇದು ನಮ್ಮ ಮಣ್ಣು. ನೆನಪಿರಲಿ."

ಅವರು ಹೋದ ಮೇಲೆ ಮಣ್ಣಕ್ಕ ಅಮ್ಮನಿಗೆ ಕೈ ಚಾಚಿದಳು. "ಸಾಕು, ಎದ್ದು ಬಾ."

"ಎದ್ರೆ ನಿನ್ನ ದಿಬ್ಬ ಹೋಗುತ್ತಲ್ಲೇ."

"ಏನಾದ್ರೂ ಮಾಡೋಣ, ನೀನು ಬಾ."

"ನಾನು ಬರಲ್ಲ," ಎಂದಳು ಅಮ್ಮ, ಪಕ್ಕಕ್ಕೆ ತಿರುಗಿ. "ಮನೇಲಿ ನಾನು ಬಾಯಿ ತೆರೆದ್ರೆ ನಿನಗೆ ಹಾಲು ಉಕ್ಕುತ್ತೆ. ಇಲ್ಲಿ ನೋಡು, ಬಂದೋರು ಬಗ್ಗಿ ನನ್ನನ್ನ ಕೇಳ್ತಾರೆ. ಆ ಟೇಪಿನೋನು ಎಷ್ಟು ಚೆನ್ನಾಗಿ ಕೇಳಿದ!"

ಅಮ್ಮ ಪಟ್ಟು ಹಿಡಿದಳೆಂದರೆ ಮುಗಿಯಿತು, ಜಪ್ಪಯ್ಯ ಎಂದರೂ ಅಲುಗುವವಳಲ್ಲ. ಇಲಾಖೆ ಅವಳನ್ನು ಶಾಸ್ತ್ರೋಕ್ತವಾಗಿಯೇ ಸ್ವೀಕರಿಸಿತು. ಕೈಗೆ ಚೀಟಿ ಕಟ್ಟಿದರು. ಪಕ್ಕದಲ್ಲಿ ಕಪ್ಪು ಬಿಳಿ ಪಟ್ಟೆಯ ಅಳತೆಗೋಲಿಟ್ಟು ಫೋಟೋ ತೆಗೆದರು. ಕನ್ನಡಕ, ಬಾಚಣಿಗೆ, ಕಾಫಿಯ ಫ್ಲಾಸ್ಕು, ಇವಕ್ಕೆಲ್ಲ ಒಂದೊಂದು ಸಂಖ್ಯೆ ಕೊಟ್ಟು 'ಸಮಾಧಿಯಲ್ಲಿ ಇಟ್ಟ ವಸ್ತುಗಳು' ಎಂದು ಗುರುತು ಹಾಕಿದರು. ಅಮ್ಮ ಕೈಕಾಲು ತೊಳೆಯಲು ಎದ್ದರೆ ಚಪ್ಪಡಿಗೆ 'ಈಗ ಬರುತ್ತಾರೆ' ಎಂಬ ಹಲಗೆ ತೂಗುಹಾಕುತ್ತಿದ್ದರು. ಅಷ್ಟಕ್ಕೆ ರಸ್ತೆ ಇಲಾಖೆಯವರೂ ತಕರಾರು ಮಾಡಲಿಲ್ಲ. ನೋಡಲು ಜನ ಬಂದರು, ಪತ್ರಿಕೆಯವರು ಬಂದರು. ಅಂಚಿನಲ್ಲಿ ನಿಂತು ಏನೇನೋ ಕೇಳಿದರು, ಅಮ್ಮ ಎಲ್ಲದಕ್ಕೂ ಉತ್ತರ ಕೊಟ್ಟಳು.

ಮಣ್ಣಕ್ಕನಿಗೆ ನಾಚಿಕೆಯಾಗುತ್ತಿತ್ತು. ಅದರ ಜೊತೆಗೆ ಖುಷಿಯೂ ಆಗುತ್ತಿತ್ತು, ಯಾಕೆ ಸುಳ್ಳು ಹೇಳಬೇಕು? ಸಮ್ಮೇಳನದವರು ಭಾಷಣಕ್ಕೆ ಮತ್ತೆ ಕರೆದಿದ್ದರು. ಬೆನ್ನು ತಟ್ಟದವರೇ ಇರಲಿಲ್ಲ. ಆದರೆ ಸಂಜೆ ಬೀಗ ತೆಗೆದು ಒಳಗೆ ಹೋದರೆ ಖಾಲಿ ಮನೆ ಮುಖಕ್ಕೆ ರಾಚುತ್ತಿತ್ತು. ಉಪ್ಪಿನ ಡಬ್ಬಿ ಎಲ್ಲಿದೆ ಗೊತ್ತಿಲ್ಲ. ಎರಡು ತಟ್ಟೆ ತೆಗೆದು ಒಂದನ್ನು ವಾಪಸ್ಸಿಡುವುದು. ಒಂದು ಸಂಜೆ ಹಾಲು ನಿಜವಾಗಿಯೂ ಉಕ್ಕಿತು. ಅವಳು ಎದ್ದು ಹೋಗಲಿಲ್ಲ, ಒಲೆ ಆರುವವರೆಗೂ ಕುರ್ಚಿಯಲ್ಲೇ ಕುಳಿತಿದ್ದಳು.

ಮರುದಿನ ಬೆಳಿಗ್ಗೆ ಮೂಳೆ ಮೇಷ್ಟ್ರು ಅವಳನ್ನು ಜರಡಿಯ ಹತ್ತಿರ ತಡೆದು ನಿಲ್ಲಿಸಿದರು. ಮನುಷ್ಯ ಬಹಳ ಉತ್ಸಾಹದಲ್ಲಿದ್ದರು.

"ನನ್ನ ಪರೀಕ್ಷೆ ಮುಗೀತು ಮೇಡಂ. ಸ್ತ್ರೀ, ಎಪ್ಪತ್ತು ದಾಟಿದೆ. ಎಡಗಾಲು ಹಿಂದೆ ಒಮ್ಮೆ ಮುರಿದು ಸರಿಯಾಗಿ ಕೂಡಿಲ್ಲ. ಮದುವೆಗೆ ಮುಂಚೆ, ಎತ್ತರದಿಂದ ಬಿದ್ದದ್ದು. ಕತ್ತಲು ಅಂದ್ರೆ ಭಯ ಇಲ್ಲ, ಬೆಕ್ಕು ಅಂದ್ರೆ ಭಯ. ಸಿಹಿ ಹಿಡಿಸಲ್ಲ, ಮಗಳಿಗೆ ಇಷ್ಟ ಅಂತ ಮಾಡಿ ತಾವೂ ತಿಂತಿದ್ರು."

ಮಣ್ಣಕ್ಕ ಅವರನ್ನೇ ನೋಡಿದಳು. "ಕಾಲು ಮುರಿದಿತ್ತಾ? ನಿಮಗೆ ಹೇಗೆ ಗೊತ್ತಾಯ್ತು? ಎಕ್ಸರೇ ತೆಗೆದ್ರಾ?"

"ಇಲ್ಲಪ್ಪ. ಕೇಳಿದೆ, ಹೇಳಿದ್ರು." ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ನನಗೂ ಮೊದಲು ಹೊಳೆದಿರಲಿಲ್ಲ ಮೇಡಂ. ಇಷ್ಟು ವರ್ಷ ಈ ಕೆಲಸದಲ್ಲಿದ್ದೀನಿ, ಒಬ್ಬರೂ ಉತ್ತರ ಕೊಟ್ಟಿರಲಿಲ್ಲ ನೋಡಿ."

ಮಣ್ಣಕ್ಕ ಗುಂಡಿಯ ಕಡೆ ತಿರುಗಿ ನೋಡಿದಳು. ಹುಟ್ಟಿದಂದಿನಿಂದ ಆ ಕಾಲಿನ ಪಕ್ಕದಲ್ಲೇ ನಡೆದಿದ್ದಳು. ಅದೇ ಮೂಳೆ ಮಣ್ಣಿನಲ್ಲಿ ಸಿಕ್ಕಿದ್ದರೆ ದೂರದಿಂದಲೇ ಗುರುತಿಸಿ, ಎಲ್ಲರನ್ನೂ ಕೂಗಿ ಕರೆದು ತೋರಿಸುತ್ತಿದ್ದಳು. ಅಮ್ಮನ ಸೀರೆಯ ಒಳಗೆ ಇದ್ದುದಕ್ಕೆ ಕಾಣಿಸಲಿಲ್ಲ. ಅವಳು ಕರಣೆಯನ್ನು ಅಲ್ಲೇ ಬಿಸಾಡಿ ಏಣಿ ಇಳಿದಳು.

"ಅಮ್ಮ, ಸ್ವಲ್ಪ ಸರ್ಕೋ," ಎಂದು ಪಕ್ಕದಲ್ಲಿ ಮಲಗಿಕೊಂಡಳು. ಜಾಗ ಇಕ್ಕಟ್ಟಾಗಿತ್ತು, ಭುಜಕ್ಕೆ ಭುಜ ತಾಗಿತು. ಮೇಲೆ ನಾಲ್ಕು ಮೂಲೆಯ ಆಕಾಶ. "ಏನೋ ಹೇಳ್ಬೇಕು ಅಂತಿದ್ದೆಯಲ್ಲ. ನೀನು... ನೀನು ಹೋದ ಮೇಲೆ. ಹೇಳು."

ಅಮ್ಮ ಅನುಮಾನದಿಂದ ತಿರುಗಿ ನೋಡಿದಳು. "ಎಲ್ಲೂ ಹಾಲಿಟ್ಟು ಬಂದಿಲ್ಲ ತಾನೇ?"

"ಇಲ್ಲಮ್ಮ."

"ನಾನು ಹೋದ ಮೇಲೆ," ಎಂದಳು ಅಮ್ಮ, "ನಿಮ್ಮಮ್ಮ ಎಂಥೋಳು ಅಂತ ಯಾರಾದ್ರೂ ಕೇಳಿದ್ರೆ ನೀನು ಏನಂತ ಹೇಳ್ತೀಯ?"

ಬಳೆಯಲ್ಲ, ಮನೆಯಲ್ಲ. ಮಣ್ಣಕ್ಕ ಉಗುರಿನ ಸಂದಿಯ ಮಣ್ಣನ್ನು ಕೆರೆಯತೊಡಗಿದಳು.

"ನೀನು ಬರೆದಿದ್ದನ್ನೆಲ್ಲ ಓದಿದ್ದೀನಿ ಕಣೇ. ಇವರು ಇಂಥದ್ದು ತಿಂದಿರಬಹುದು, ಇಂಥದ್ದಕ್ಕೆ ಹೆದರಿರಬಹುದು. ಬರೀ ಇರಬಹುದು, ಇರಬಹುದು. ಪಾಪ, ಅವರನ್ನ ಕೇಳೋಕಾಗಲ್ಲ, ಒಪ್ಪಿದೆ. ಆದ್ರೆ ನನ್ನ ಬಗ್ಗೆ ಹಾಗೆ ಹೇಳಿದ್ರೆ ನನಗೆ ಕೆಟ್ಟ ಸಿಟ್ಟು ಬರುತ್ತೆ. ನಾನು ಪಕ್ಕದ ಕೋಣೇಲೇ ಇದ್ದೆ."

ಮಣ್ಣಕ್ಕ ಅತ್ತಳು. ಮಣ್ಣು ಮೆತ್ತಿದ ಕೈಯಲ್ಲಿ ಒರೆಸಿಕೊಂಡು ಮುಖವೆಲ್ಲ ಕೆಸರು ಮಾಡಿಕೊಂಡಳು. ಅಳು ನಿಂತ ಮೇಲೆ ಮಗಳು ಕೇಳಿದಳು: "ಕಾಲು ಹೇಗೆ ಮುರೀತು?"

"ಮಹಡಿ ಕಿಟಕಿಯಿಂದ ಹಾರಿದೆ. ಮನೆ ಬಿಟ್ಟು ಓಡಿ ಹೋಗೋಕೆ."

"ನೀನಾ? ಯಾರ ಜೊತೆ?"

"ಯಾರ ಜೊತೇನೂ ಇಲ್ಲ, ನಾನೊಬ್ಬಳೇ. ಕಾಲು ಮುರೀತು, ಎಲ್ಲರೂ ಸೇರಿ ಎತ್ತಿ ತಂದು ಮಲಗಿಸಿದ್ರು. ಎಲ್ಲರಿಗೂ ಕಾಲಿನದೇ ಚಿಂತೆ. ಎಲ್ಲಿಗೆ ಹೊರಟಿದ್ದೆ ಅಂತ ಒಬ್ಬರೂ ಕೇಳಲಿಲ್ಲ."

"ಎಲ್ಲಿಗಮ್ಮ?"

ಅಮ್ಮ ಆಕಾಶ ನೋಡಿದಳು. ಅವಳ ಮುಖ ಹುಡುಗಿಯ ಮುಖದಂತೆ ಆಗಿತ್ತು.

"ಹೊಳೆಗೆ ಅಣೆಕಟ್ಟು ಕಟ್ಟೋಕೆ ಶುರು ಮಾಡಿದ್ರು. ಮಣ್ಣು ತಳ್ಳೋ ದೊಡ್ಡ ಯಂತ್ರ ಬಂದಿತ್ತು, ಹಳದಿ ಬಣ್ಣದ್ದು. ಅದನ್ನ ಓಡಿಸೋದು ಕಲಿಸ್ತೀವಿ, ಯಾರು ಬೇಕಾದ್ರೂ ಬನ್ನಿ ಅಂತ ಮೈಕಿನಲ್ಲಿ ಕೂಗ್ಕೊಂಡು ಹೋದ್ರು. ಯಾರು ಬೇಕಾದ್ರೂ ಅಂದ್ರೆ ನಾನೂ ಅಂತ ಅಂದ್ಕೊಂಡೆ."

ಮಣ್ಣಕ್ಕ ಎದ್ದು ಕುಳಿತಳು. ಅಮ್ಮನ ಕೈಗೆ ಕಟ್ಟಿದ್ದ ಚೀಟಿಯನ್ನು ಹರಿದು ಜೇಬಿಗೆ ಹಾಕಿಕೊಂಡಳು. "ಬಾ, ಮನೆಗೆ ಹೋಗೋಣ."

"ಮತ್ತೆ ದಿಬ್ಬ?"

"ಖಾಲಿ ಅಂತ ಹೇಳ್ತೀನಿ. ಖಾಲಿಯೇ ತಾನೇ ಇದ್ದದ್ದು."

ಏಣಿ ಹತ್ತುವಾಗ ಅಮ್ಮ ಎಡಗಾಲನ್ನು ಕೈಯಿಂದ ಎತ್ತಿ ಎತ್ತಿ ಇಡುತ್ತಿದ್ದುದು ಮಗಳಿಗೆ ಕಂಡಿತು. ಮೇಲೆ ದೊಡ್ಡ ಸಾಹೇಬರು ಕೆಮ್ಮುತ್ತಾ ನಿಂತಿದ್ದರು. ನಿಯಮ, ಇಲಾಖೆಯ ಮಾನ, ಸಮ್ಮೇಳನ ಎಂದು ಏನೇನೋ ಹೇಳಿದರು. "ಹೋಗಲಿ ಬಿಡಿ ಸಾರ್," ಎಂದಳು ಮಣ್ಣಕ್ಕ. ದಿಬ್ಬದ ಕಡೆ ನೋಡದೆಯೇ ಹೇಳಿದಳು.

ರಸ್ತೆ ಇಲಾಖೆ ಅಂಥ ಚುರುಕನ್ನು ಹಿಂದೆಂದೂ ತೋರಿಸಿರಲಿಲ್ಲ, ಮುಂದೆಯೂ ತೋರಿಸಲಾರದು. ಅಮ್ಮ ಚಪ್ಪಲಿ ಹುಡುಕಿ ಹಾಕಿಕೊಳ್ಳುವಷ್ಟರಲ್ಲಿ ಮಣ್ಣು ತಳ್ಳುವ ಯಂತ್ರ ಗುಡುಗುತ್ತಾ ಬಂದು ದಿಬ್ಬದ ಬುಡದಲ್ಲಿ ನಿಂತಿತು. ಮೊದಲು ಗುಂಡಿ ಮುಚ್ಚಬೇಕು, ಆಮೇಲೆ ಉಳಿದದ್ದು ಎಂದು ಇಂಜಿನಿಯರ್ ಚಾಲಕನಿಗೆ ಅಪ್ಪಣೆ ಕೊಟ್ಟರು. ಅಮ್ಮ ಯಂತ್ರವನ್ನು ನೋಡುತ್ತಾ ನಿಂತಲ್ಲೇ ನಿಂತುಬಿಟ್ಟಳು.

ಮಣ್ಣಕ್ಕ ಸೀದಾ ಚಾಲಕನ ಹತ್ತಿರ ಹೋಗಿ ಏನೋ ಹೇಳಿದಳು. ಅವನು ತಲೆ ಕೆರೆದುಕೊಂಡು ಇಂಜಿನಿಯರ್ ಕಡೆ ನೋಡಿದ. ಇಂಜಿನಿಯರ್ ಬಹಳ ಹೊತ್ತು ಯೋಚಿಸಿದರು.

"ಇತಿಹಾಸಕ್ಕಿಂತ ಹಿಂದಿನವರು ಯಂತ್ರ ಓಡಿಸಬಾರದು ಅಂತ ನಮ್ಮ ನಿಯಮದಲ್ಲಿ ಎಲ್ಲೂ ಇಲ್ಲ," ಎಂದರು ಕೊನೆಗೆ.

ಮೆಟ್ಟಿಲು ಎತ್ತರದಲ್ಲಿತ್ತು. ಮಣ್ಣಕ್ಕ ಬಗ್ಗಿ, ಎರಡೂ ಅಂಗೈ ಜೋಡಿಸಿ ಹಿಡಿದಳು. ಅಮ್ಮ ಎಡಗಾಲನ್ನು ಅದರ ಮೇಲಿಟ್ಟು ಹತ್ತಿದಳು. ಚಾಲಕ ಪಕ್ಕದಲ್ಲಿ ಕುಳಿತು ಎರಡು ಹಿಡಿಗಳನ್ನು ತೋರಿಸಿಕೊಟ್ಟ. ಯಂತ್ರ ಮೊದಲು ಹಿಂದಕ್ಕೆ ಹೋಯಿತು. ದೊಡ್ಡ ಸಾಹೇಬರು ಕೆಮ್ಮನ್ನು ಅರ್ಧಕ್ಕೇ ಬಿಟ್ಟು ಓಡಿದರು. ಆಮೇಲೆ ಅದು ಒಮ್ಮೆ ಕುಲುಕಿ, ನಿಂತು, ನಿಧಾನವಾಗಿ ಮುಂದಕ್ಕೆ ಬಂತು. ಮಣ್ಣಕ್ಕ ವರ್ಷಗಟ್ಟಲೆ ಜರಡಿ ಹಿಡಿದು ರಾಶಿ ಹಾಕಿದ್ದ ಮಣ್ಣು ಒಂದೇ ಉಸಿರಿಗೆ ಸರಿದು, ಖಾಲಿ ಸಮಾಧಿಯೊಳಕ್ಕೆ ಬಿತ್ತು.

"ಪಕ್ಕಕ್ಕೆ ನಿಂತ್ಕೊಳ್ಳೇ!" ಎಂದು ಅಮ್ಮ ಮೇಲಿನಿಂದ ಕಿರುಚಿದಳು. "ಏನೂ ಕಾಣಿಸ್ತಿಲ್ಲ!"

ಮಣ್ಣಕ್ಕ ಪಕ್ಕಕ್ಕೆ ಸರಿದಳು. ಅಳುತ್ತಿದ್ದಳು, ನಗುತ್ತಲೂ ಇದ್ದಳು. ಎರಡೂ ಕೈಯನ್ನು ಬಾಯಿಯ ಸುತ್ತ ಹಿಡಿದು, "ಹೇಗಿದೆಯಮ್ಮಾ?" ಎಂದು ಕೂಗಿದಳು.

ಅಮ್ಮ ಏನೋ ಉದ್ದಕ್ಕೆ ಹೇಳಿದಳು. ಯಂತ್ರದ ಗದ್ದಲದಲ್ಲಿ ಒಂದಕ್ಷರವೂ ಕೇಳಿಸಲಿಲ್ಲ. ಪರವಾಗಿಲ್ಲ, ಮನೆಗೆ ಹೋದ ಮೇಲೆ ಇನ್ನೊಂದು ಸಲ ಕೇಳಿದರಾಯಿತು ಎಂದುಕೊಂಡಳು ಮಣ್ಣಕ್ಕ.